ಹಳೆಯ ಗಾರೆ ಗೋಡೆಗೆ ಸಿಮೆಂಟ್ ಬೇಡ

ಪ್ರಶ್ನೆ: ಮೈಸೂರಿನ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡದಂಥ ಹಳೆಯ ಕಟ್ಟಡಗಳ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಸಾಲದೇ?

ಉತ್ತರ: ಸಾಲದು ಮಾತ್ರವಲ್ಲ, ಹಾನಿಯೇ ಹೆಚ್ಚು. ಈ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ನೆಲದಿಂದ, ಮಳೆಯಿಂದ ಹೀರಿದ ತೇವವನ್ನು ಸುಣ್ಣ ನಿಧಾನವಾಗಿ ಹೊರಬಿಡುತ್ತದೆ. ಸಿಮೆಂಟ್ ಪದರ ಅದನ್ನು ಒಳಗೇ ತಡೆಯುತ್ತದೆ. ನೀರಿನಲ್ಲಿ ಕರಗಿದ ಲವಣ ಇಟ್ಟಿಗೆಯೊಳಗೇ ಹರಳುಗಟ್ಟಿ, ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ಮೇಲೆ ಗಟ್ಟಿ ಸಿಮೆಂಟ್, ಹಿಂದೆ ಬರೀ ಮಣ್ಣು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಮೊದಲು ನೀರಿನ ದಾರಿ ಹುಡುಕಿ: ಕಸ ಕಟ್ಟಿಕೊಂಡ ಮಳೆನೀರಿನ ದೋಣಿ, ಒಡೆದ ಪೈಪು, ಚಾವಣಿಯಲ್ಲಿ ಬೇರೂರಿದ ಅರಳಿ ಸಸಿ. ಸಸಿಯನ್ನು ಕಿತ್ತೆಳೆದರೆ ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಬೇರನ್ನು ಸಾಯಿಸಿ, ಆಮೇಲೆ ಸಂದು ತುಂಬಿ.

ಗಾರೆಗೆ 1 ಪಾಲು ನೆನೆಸಿದ ಸುಣ್ಣ, 3 ಪಾಲು ಜರಡಿ ಹಿಡಿದ ಮರಳು. ತೇವದ ಜಾಗದಲ್ಲಿ ಮರಳಿನ ಸ್ವಲ್ಪ ಭಾಗಕ್ಕೆ ಬದಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಸುಣ್ಣ ಕನಿಷ್ಠ 2-3 ವಾರ ನೀರಿನಲ್ಲಿರಬೇಕು. ಸರಿಯಾಗಿ ನೆನೆಯದ ಸುಣ್ಣ ಗೋಡೆಯ ಮೇಲೆ ಅರಳಿ ಗುಳ್ಳೆ ಏಳುತ್ತದೆ, ಇದು ಬಹಳ ಕಡೆ ಆಗುವ ತಪ್ಪು. ಗೋಡೆ ಒದ್ದೆ ಮಾಡಿ, ಒಂದು ಸಲಕ್ಕೆ 10 ಮಿ.ಮೀ.ಗಿಂತ ದಪ್ಪ ಬಳಿಯದೆ, ಒದ್ದೆ ಗೋಣಿ ಹೊದಿಸಿ. ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಗಟ್ಟಿಯಾಗುವುದೇ ಇಲ್ಲ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಾಗಾಗಿ ಅಗಲವಾಗುತ್ತಿರುವ ಬಿರುಕಿಗೆ ಗಾರೆ ಮೆತ್ತುವ ಮೊದಲು, ಪಾರಂಪರಿಕ ಕಟ್ಟಡ ಬಲ್ಲ ಎಂಜಿನಿಯರಿಗೆ ತೋರಿಸಿ.