ಬಸ್ಕಿ, ಬೆಲ್ಲ ಮತ್ತು ಗುಳಿಗೆ: ತೂಕ ಇಳಿಕೆಯ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಮಹಿಳೆಯನ್ನು ಇಲ್ಲಿ ಸಾವಿತ್ರಿ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದು, ಹೆಸರು, ವಯಸ್ಸು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ. ಅವರು ಮಂಡ್ಯ ಸೀಮೆಯವರು, ತವರಿನಲ್ಲಿ ಈಗಲೂ ಆಲೆಮನೆ ನಡೆಯುತ್ತದೆ ಎಂಬ ಎರಡು ಸಂಗತಿಗಳನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ. ಅವಿಲ್ಲದೆ ಪ್ರಕರಣವೇ ಅರ್ಥವಾಗುವುದಿಲ್ಲ.

ಸಾವಿತ್ರಿಯವರು 45 ವರ್ಷದ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ಮೊದಲ ಭೇಟಿಯಲ್ಲಿ ಎತ್ತರ 156 ಸೆಂ.ಮೀ., ತೂಕ 78 ಕಿಲೊ, ಸೊಂಟದ ಸುತ್ತಳತೆ 98 ಸೆಂ.ಮೀ. ಇತ್ತು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಬಿಎಂಐ ಲೆಕ್ಕದಲ್ಲಿ ಇದು 32. ಭಾರತೀಯರಿಗೆ 25ರಿಂದಲೇ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ, ಹೆಂಗಸರ ಸೊಂಟ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು ಎನ್ನುತ್ತಾರೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು, ಅಂದರೆ ಸಕ್ಕರೆ ಕಾಯಿಲೆ ಮನೆಯೊಳಗೆ ಬಂದಿರಲಿಲ್ಲ, ಹೊಸ್ತಿಲಲ್ಲಿ ನಿಂತಿತ್ತು. ಅವರನ್ನು ನೋಡುವ ವೈದ್ಯರು ಶೇ. 7ರಷ್ಟು, ಅಂದರೆ ಸುಮಾರು ಐದೂವರೆ ಕಿಲೊ ತೂಕ ಇಳಿಸುವಂತೆ ಹೇಳಿ ನನ್ನಲ್ಲಿಗೆ ಕಳುಹಿಸಿದ್ದರು. ಈ ಗುರಿ ಆಕಸ್ಮಿಕವಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ, ತೂಕವನ್ನು ಶೇ. 7ರಷ್ಟು ಇಳಿಸಿಕೊಂಡು ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಮಧುಮೇಹ ಕಾಣಿಸಿಕೊಳ್ಳುವ ಪ್ರಮಾಣ ಶೇ. 58ರಷ್ಟು ತಗ್ಗಿತ್ತು.

ಅವರು ಬಂದಾಗ ಪರ್ಸಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ ಎರಡು ಪ್ರಶ್ನೆಗಳಿದ್ದವು: ಮೊಣಕಾಲು ನೋಯದಂತೆ ಯಾವ ವ್ಯಾಯಾಮ ಮಾಡಬೇಕು, ಟೀಗೆ ಸಕ್ಕರೆಯ ಬದಲು ಹಾಕಲು ಯಾವ ಸಿಹಿ ಗುಳಿಗೆ ಒಳ್ಳೆಯದು. ಎರಡಕ್ಕೂ ಹತ್ತು ನಿಮಿಷದಲ್ಲಿ ಉತ್ತರ ಹೇಳಿ ಕಳುಹಿಸಬಹುದಿತ್ತು. ಹಾಗೆ ಮಾಡದೆ ಹೋದದ್ದು ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ, ಆದರೆ ಅದರ ಕೀರ್ತಿ ನನ್ನ ಜಾಣತನಕ್ಕೆ ಸಲ್ಲುವುದಿಲ್ಲ. ಅಂದು ಮುಂದಿನ ಭೇಟಿಯವರು ಬಂದಿರಲಿಲ್ಲ, ಮಾತಿಗೆ ಸಮಯವಿತ್ತು.

ಅವರು ಆಗಲೇ ಎರಡು ತಿಂಗಳು ಪ್ರಯತ್ನಿಸಿದ್ದರು. ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿಕೊಂಡು ದಿನಕ್ಕೆ ನಲವತ್ತು ನಿಮಿಷ ಕುಪ್ಪಳಿಸುವುದು, ಬಸ್ಕಿ ಹೊಡೆಯುವುದು. ಮೊದಲ ದಿನವೇ ಎಂಬತ್ತು ಬಸ್ಕಿ. ಮೂರನೆಯ ದಿನ ಶೌಚಾಲಯದಲ್ಲಿ ಕೂರಲು ಗೋಡೆ ಹಿಡಿಯಬೇಕಾಯಿತು, ಆದರೂ ನಿಲ್ಲಿಸಲಿಲ್ಲ. ಹನ್ನೆರಡನೆಯ ದಿನ ನಿಲ್ಲಿಸಿದರು. ಇಷ್ಟು ನೋವಿದ್ದರೂ ಏಕೆ ಮುಂದುವರಿಸಿದಿರಿ ಎಂದು ಕೇಳಿದಾಗ ಅವರು ನಕ್ಕು, "ನೋವಾದ್ರೆ ತಾನೆ ಮೇಡಂ ಕರಗೋದು? ತಿಂದಿದ್ದಕ್ಕೆ ಅನುಭವಿಸಬೇಕಲ್ಲ" ಎಂದರು. ತರಗತಿಯಲ್ಲಿ ತಪ್ಪು ಮಾಡಿದ ಹುಡುಗನಿಗೆ ಬಸ್ಕಿ ಹೊಡೆಸುವ ಕಾಲವನ್ನು ನಾವಿಬ್ಬರೂ ವಿದ್ಯಾರ್ಥಿಗಳಾಗಿ ಕಂಡವರು. ಅವರು ಆ ಶಿಕ್ಷೆಯನ್ನು ತಮಗೆ ತಾವೇ ಕೊಟ್ಟುಕೊಳ್ಳುತ್ತಿದ್ದರು. ಅದಕ್ಕೆ ಜೋಡಿಯಾಗಿ ಗುಳಿಗೆ ವಿನಾಯಿತಿಯಾಗಿತ್ತು: ಟೀಗೆ ಸಕ್ಕರೆ ಹಾಕಿಲ್ಲವಲ್ಲ ಎಂದು ಜೊತೆಗೆ ಸಕ್ಕರೆರಹಿತ ಎಂದು ಬರೆದ ಬಿಸ್ಕತ್ತು ನಾಲ್ಕೈದು, ರಾತ್ರಿ ಚಿರೋಟಿಯ ಒಂದು ತುಂಡು. ಶಿಕ್ಷೆ ಒಂದು ಕಡೆ, ವಿನಾಯಿತಿ ಇನ್ನೊಂದು ಕಡೆ ಇಟ್ಟು ಲೆಕ್ಕ ಸರಿದೂಗಿಸುವ ಈ ವ್ಯವಸ್ಥೆಯಲ್ಲಿ ಎರಡು ತಿಂಗಳಿಗೆ ಇಳಿದದ್ದು ಒಂದೂವರೆ ಕಿಲೊ, ಅದೂ ಮತ್ತೆ ಏರಿತ್ತು.

ನಾನು ಮೊದಲು ನೋವನ್ನು ವಿಂಗಡಿಸಿಕೊಳ್ಳಲು ಹೇಳಿದೆ. ಅಭ್ಯಾಸವಿಲ್ಲದ ಕೆಲಸ ಮಾಡಿದ ಮೇಲೆ 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿ, ಎರಡೂ ಕಾಲುಗಳಲ್ಲಿ ಸಮನಾಗಿ, ಒತ್ತಿದರೆ ಮಾಂಸದಲ್ಲಿ ನೋಯುವುದು ಸ್ನಾಯುವಿನ ನೋವು. ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟು ದುರಸ್ತಿಯಾಗುವಾಗ ಅದು ಕಾಣಿಸಿಕೊಳ್ಳುತ್ತದೆ, ಹಲವರು ಹೇಳುವಂತೆ ಲ್ಯಾಕ್ಟಿಕ್ ಆಮ್ಲ ಅಲ್ಲಿ ಕುಳಿತಿರುವುದರಿಂದಲ್ಲ, ಏಕೆಂದರೆ ಆ ಆಮ್ಲ ಒಂದೆರಡು ಗಂಟೆಯಲ್ಲೇ ರಕ್ತದಿಂದ ತೆರವಾಗಿರುತ್ತದೆ. ಈ ನೋವಿಗೆ ಭಯ ಬೇಡ, ಅದನ್ನು ಬೊಜ್ಜು ಕರಗಿದ್ದರ ರಸೀದಿ ಎಂದೂ ತಿಳಿಯಬೇಡಿ ಎಂದೆ. ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲ ಚಿಪ್ಪಿನ ಹಿಂದೆ ಚುಚ್ಚುವುದು ಬೇರೆ ಜಾತಿಯದು. ಅದು ಕೀಲಿನ ದೂರು, ಅದನ್ನು ತಳ್ಳಿಕೊಂಡು ಹೋಗುವಂತಿಲ್ಲ. ಎದೆ ಹಿಡಿದಂತಾಗುವುದು, ನೋವು ದವಡೆಗೋ ಎಡಗೈಗೋ ಹರಿಯುವುದು, ತಲೆಸುತ್ತಿ ಕಣ್ಣು ಕತ್ತಲಾಗುವುದು, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗುವುದು ಕಂಡರೆ ನನ್ನ ಬಳಿ ಬರುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದು ಬರೆದುಕೊಟ್ಟೆ.

ಎರಡನೆಯ ಭೇಟಿಯ ವೇಳೆಗೆ ವೈದ್ಯರು ಮೊಣಕಾಲು ಪರೀಕ್ಷಿಸಿ ಊತವಿಲ್ಲ ಎಂದಿದ್ದರು, ಫಿಸಿಯೊಥೆರಪಿಸ್ಟ್ ತೊಡೆಯ ಮುಂಭಾಗವನ್ನು ಬಲಪಡಿಸುವ ಎರಡು ವ್ಯಾಯಾಮ ಹೇಳಿಕೊಟ್ಟಿದ್ದರು: ಮಲಗಿ ಕಾಲನ್ನು ನೇರವಾಗಿ ಎತ್ತುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು. ವಿಡಿಯೊದ ಕುಪ್ಪಳಿಸುವಿಕೆಯನ್ನು ಬಿಟ್ಟು ಊಟವಾದ ಮೇಲೆ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಬಾರಿ ನಡೆಯುವುದೆಂದು ಒಪ್ಪಿಕೊಂಡೆವು. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ವೇಗ. ನೋವಿಗೆ ಹತ್ತರಲ್ಲಿ ಅಂಕ ಕೊಡಿ, ಮೂರರವರೆಗೆ ಇದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸಿ, ಇಳಿಯದಿದ್ದರೆ ಅಂದು ಅರ್ಧ ಮಾಡಿ ಎಂದಾಗ ಅಂಕ ಕೊಡುವ ಕೆಲಸ ಅವರಿಗೆ ಹಿಡಿಸಿತು. ಹವಾಯಿ ಚಪ್ಪಲಿಯಲ್ಲಿ ನಡೆಯುತ್ತಿದ್ದವರು ಲೇಸಿನ ಶೂ ಕೊಂಡರು. ತೊಡೆ ಉಜ್ಜಿ ಉರಿಯುತ್ತದೆ ಎಂಬುದನ್ನು ಬಹಳ ಸಂಕೋಚದಿಂದ ಹೇಳಿದರು. ಚೂಡಿದಾರದ ಒಳಗೆ ಮೊಣಕಾಲವರೆಗಿನ ಬಿಗಿ ಚಡ್ಡಿ, ಉಜ್ಜುವ ಕಡೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ, ಅದಕ್ಕೆ ಅಷ್ಟು ಸಾಕು.

ಆದರೂ ಮೂರು ವಾರದ ನಡಿಗೆಯ ಪುಸ್ತಕದಲ್ಲಿ ಬೆಳಗಿನ ಕಾಲಂ ಖಾಲಿ ಇರುತ್ತಿತ್ತು. ಕೇಳಿದಾಗಲೆಲ್ಲ ಕೆಲಸ, ಮಕ್ಕಳ ಡಬ್ಬಿ ಎಂಬ ಉತ್ತರ. ಮೂರನೆಯ ಭೇಟಿಯಲ್ಲಿ ನಾನು ನೇರವಾಗಿ ಕೇಳುವ ಬದಲು, ಎರಡು ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಕುಪ್ಪಳಿಸಿದಾಗ, ಸೀನಿದಾಗ ಒಂದೆರಡು ತೊಟ್ಟು ಮೂತ್ರ ಜಾರುತ್ತದೆ, ಅದಕ್ಕೆ ಚಿಕಿತ್ಸೆ ಇದೆ ಎಂದು ಸುಮ್ಮನೆ ಹೇಳಿ ನಿಲ್ಲಿಸಿದೆ. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, "ಅದಕ್ಕೇ ಮೇಡಂ ನಿಲ್ಲಿಸಿದ್ದು" ಎಂದರು. ಹನ್ನೆರಡನೆಯ ದಿನ ವಿಡಿಯೊ ನಿಂತದ್ದು ಮೊಣಕಾಲಿನಿಂದಲ್ಲ. ಒದ್ದೆಯಾದೀತು ಎಂಬ ಭಯಕ್ಕೆ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು, ನೀರಿಲ್ಲದೆ ತಲೆನೋವು ಬರುತ್ತಿತ್ತು, ತಲೆನೋವಿಗೆ ಟೀ ಕುಡಿಯುತ್ತಿದ್ದರು, ಐದು ಲೋಟ ಟೀಗೆ ಹತ್ತು ಗುಳಿಗೆಯಾಗುತ್ತಿತ್ತು. ಚೀಟಿಯ ಎರಡು ಪ್ರಶ್ನೆಗಳು ಹೀಗೆ ಒಂದೇ ದಾರದಲ್ಲಿ ಪೋಣಿಸಿಕೊಂಡಿದ್ದವು. ಶಾಲೆಯ ಶೌಚಾಲಯದ ಸ್ಥಿತಿ ನೋಡಿ ದಿನವಿಡೀ ನೀರು ಕುಡಿಯದ ಶಿಕ್ಷಕಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ; ಅದು ಆಪ್ತಸಲಹೆಯಿಂದ ಬಗೆಹರಿಯುವ ವಿಷಯವಲ್ಲ.

ಸ್ತ್ರೀರೋಗ ವೈದ್ಯರನ್ನು ಒಮ್ಮೆ ಕಾಣಲು ಹೇಳಿದೆ. ಆ ವೈದ್ಯರ ಸೂಚನೆಯಂತೆ ಸಾವಿತ್ರಿಯವರು ಮೂತ್ರವನ್ನು ತಡೆಹಿಡಿಯುವ ಸ್ನಾಯುಗಳ ವ್ಯಾಯಾಮವನ್ನು ಆರಂಭಿಸಿದರು. ಮೂತ್ರವನ್ನೂ ಗಾಳಿಯನ್ನೂ ತಡೆಯುವಂತೆ ಒಳಗಿನಿಂದ ಮೇಲೆಳೆದು ಕೆಲವು ಸೆಕೆಂಡು ಹಿಡಿದು ಬಿಡುವುದು, ಒಮ್ಮೆಗೆ ಎಂಟು ಸಲ, ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು. ಮೂತ್ರ ಹೊಯ್ಯುವ ನಡುವೆ ತಡೆದು ಇದನ್ನು ಅಭ್ಯಾಸ ಮಾಡಬಾರದು. ತೂಕ ಇಳಿದಂತೆಯೂ ಈ ಸೋರಿಕೆ ಕಡಿಮೆಯಾಗುತ್ತದೆ, ಟೀಯಲ್ಲಿನ ಕೆಫೀನ್ ಮೂತ್ರಕೋಶವನ್ನು ಕೆರಳಿಸಬಲ್ಲದು ಎಂಬುದನ್ನೂ ವಿವರಿಸಿದೆ. ಟೀ ಕಡಿಮೆ ಮಾಡಲು ಅವರಿಗೆ ಮೊದಲ ಬಾರಿ ತಮ್ಮದೇ ಆದ ಕಾರಣ ಸಿಕ್ಕಿದ್ದು ಅಲ್ಲಿ.

ಇನ್ನು ಗುಳಿಗೆಯ ಮಾತು. ಅವರು ಬಳಸುತ್ತಿದ್ದುದು ಆಸ್ಪರ್ಟೇಮ್. ಅದು ಕ್ಯಾನ್ಸರ್ ತರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದರು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅದನ್ನು ಕ್ಯಾನ್ಸರ್‌ಕಾರಕ ಆಗಿರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದು ನಿಜ, ಆದರೆ ಪುರಾವೆ ಸೀಮಿತವೆಂದೇ ಅದರ ಅರ್ಥ. ಅದೇ ವೇಳೆ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ ದೇಹದ ಪ್ರತಿ ಕಿಲೊ ತೂಕಕ್ಕೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಹಾಗೆಯೇ ಉಳಿಸಿತು. 78 ಕಿಲೊ ತೂಕಕ್ಕೆ ಅದು 3,120 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ಸುಮಾರು 20 ಮಿಲಿಗ್ರಾಂ ಎಂದುಕೊಂಡರೂ ಅವರ ಹತ್ತು ಗುಳಿಗೆ ಇನ್ನೂರನ್ನು ದಾಟುವುದಿಲ್ಲ. ಭಯ ಬಿಡಿ ಎಂದೆ, ಆದರೆ ಬಳಕೆಯನ್ನು ಸಮರ್ಥಿಸಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈಗಾಗಲೇ ಮಧುಮೇಹ ಇರುವವರನ್ನು ಬಿಟ್ಟು ಉಳಿದವರು ತೂಕ ನಿಯಂತ್ರಣದ ಉಪಾಯವಾಗಿ ಇಂಥ ಸಿಹಿಕಾರಕಗಳನ್ನು ನೆಚ್ಚಬಾರದು, ದೀರ್ಘಕಾಲದಲ್ಲಿ ಅವುಗಳಿಂದ ಬೊಜ್ಜು ಇಳಿದದ್ದು ಕಾಣುವುದಿಲ್ಲ ಎಂಬ ಸಲಹೆ ಕೊಟ್ಟಿತು. ಅದು ಷರತ್ತಿನ ಸಲಹೆಯೇ ಹೊರತು ನಿಷೇಧವಲ್ಲ. ಬೇರೆ ಸಿಹಿಕಾರಕಗಳಾದ ಸುಕ್ರಲೋಸ್ ಮೇಲೋ ಸ್ಟೀವಿಯಾ ಮೇಲೋ ಎಂದು ಅವರು ಕೇಳಿದ್ದಕ್ಕೆ, ದಿನಕ್ಕೆ ಕೆಲವು ಲೋಟದ ಮಟ್ಟಿಗೆ ಆ ಆಯ್ಕೆಯಿಂದ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ನಾಲಿಗೆ ಕೇಳುವ ಸಿಹಿಯ ಮಟ್ಟವೇ ಇಳಿಯಬೇಕು ಎಂಬುದು ನನ್ನ ಉತ್ತರವಾಗಿತ್ತು. ಹೊಟ್ಟೆಯುಬ್ಬರ ಗುಳಿಗೆಯಿಂದ ಎಂದು ಅವರು ತಿಳಿದಿದ್ದರು. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿದಾಗ ಮಾಲ್ಟಿಟಾಲ್ ಕಂಡಿತು. ಈ ಜಾತಿಯ ಸಿಹಿ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ಗಾಳಿ ತುಂಬಿಸುತ್ತದೆ, ಹೆಚ್ಚಾದರೆ ಭೇದಿ. ಅದೇ ಪೊಟ್ಟಣದಲ್ಲಿ ಮೈದಾ, ಎಣ್ಣೆ ಯಥಾಪ್ರಕಾರ ಇದ್ದವು. ಮನೆಯಲ್ಲಿ ಇನ್ನೊಂದು ಗೊಂದಲವೂ ನಡೆದಿತ್ತು: ಸೊಸೆ ಶುಗರ್ ಮಾತ್ರೆ ನುಂಗುತ್ತಿದ್ದಾಳೆ ಎಂದು ಅತ್ತೆಯವರು ನೆಂಟರಿಗೆಲ್ಲ ಹೇಳಿಯಾಗಿತ್ತು.

ಬೆಲ್ಲದ ವಿಷಯ ಇದಕ್ಕಿಂತ ಕಠಿಣವಾಗಿತ್ತು. ಆಹಾರದ ಪುಸ್ತಕದಲ್ಲಿ ಬೆಲ್ಲವೇ ಇರಲಿಲ್ಲ. ರಾಗಿ ಅಂಬಲಿಗೆ ಏನು ಹಾಕುತ್ತೀರಿ ಎಂದಾಗ, "ಬೆಲ್ಲ, ಆದ್ರೆ ಅದು ಸಿಹಿ ಲೆಕ್ಕಕ್ಕೆ ಬರಲ್ಲ ಮೇಡಂ, ನಮ್ಮಪ್ಪನ ಆಲೆಮನೇದು, ಕೆಮಿಕಲ್ ಹಾಕಿಲ್ಲ" ಎಂದರು. ಈ ಮಾತನ್ನು ಅಂಕಿಗಳಿಂದ ಹೊಡೆದುಹಾಕುವುದು ಸುಲಭ, ಆದರೆ ಕೊಪ್ಪರಿಗೆಯ ಮುಂದೆ ನಿಂತು ಬಿಸಿ ಪಾಕ ನೆಕ್ಕಿ ಬೆಳೆದವರಿಗೆ ಬೆಲ್ಲ ಕೇವಲ ಸಿಹಿಯಲ್ಲ, ತಂದೆಯ ದುಡಿಮೆ. ಹಾಗಾಗಿ ವಾದಿಸದೆ, ಮುಂದಿನ ಭೇಟಿಗೆ ದಿನಕ್ಕೆ ಬಳಸುವ ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ತನ್ನಿ ಎಂದಷ್ಟೇ ಹೇಳಿದೆ. ಅಡುಗೆ ತಕ್ಕಡಿಯಲ್ಲಿ ಒಂದೊಂದು ಚೂರು 22 ಗ್ರಾಂ ತೂಗಿತು, ಮೂರು ಚೂರಿಗೆ 66 ಗ್ರಾಂ. ನೂರು ಗ್ರಾಂ ಬೆಲ್ಲಕ್ಕೆ ಸುಮಾರು 380 ಕ್ಯಾಲರಿ, ಸಕ್ಕರೆಗೆ 400ರ ಆಸುಪಾಸು. ಅಂದರೆ ಡಬ್ಬಿಯಲ್ಲಿದ್ದದ್ದು 250 ಕ್ಯಾಲರಿ. ಅವರ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ನೂರೈವತ್ತರಷ್ಟು. ಅವರು ಲೆಕ್ಕವನ್ನು ತಾವೇ ಹಾಕಿ, ಎರಡು ಸಲ ಕೂಡಿಸಿ ನೋಡಿದರು. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣಾಂಶ ಇದೆ, ರುಚಿ ಇದೆ; ಆದರೆ ದೇಹಕ್ಕೆ ಅದು ಸೇರಿಸಿಕೊಂಡ ಸಕ್ಕರೆಯೇ, ಜೇನೂ ಹಾಗೆಯೇ. ಕಬ್ಬಿಣಕ್ಕೆ ಸೊಪ್ಪು, ಹುರುಳಿಕಾಳು ಇವೆ. ದಿನಕ್ಕೆ ಸೇರಿಸಿಕೊಳ್ಳುವ ಸಕ್ಕರೆ ಒಟ್ಟು 25 ಗ್ರಾಂ ಒಳಗಿದ್ದರೆ ಉತ್ತಮ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಇಟ್ಟು, ಆ ಡಬ್ಬಿಯಿಂದ ಯಾವ ಚೂರು ಬಿಡಲು ಸುಲಭ ಎಂದು ಕೇಳಿದೆ. ಬೆಳಗಿನ ಅಂಬಲಿಗೆ ಉಪ್ಪು, ಮಜ್ಜಿಗೆ, ಜೀರಿಗೆ ಹಾಕುವುದೆಂದು ಅವರೇ ಹೇಳಿದರು. ಸಂಜೆಯ ಒಂದು ಚೂರನ್ನು ನಾನು ಮುಟ್ಟಲಿಲ್ಲ.

ಗುಳಿಗೆಯನ್ನು ಒಮ್ಮೆಲೇ ಬಿಡಿಸದೆ ಲೋಟಕ್ಕೆ ಎರಡಿದ್ದದ್ದು ಎರಡು ವಾರ ಒಂದೂವರೆ, ಆಮೇಲೆ ಒಂದು, ಅರ್ಧ ಎಂದು ಇಳಿಸಿದೆವು. ಟೀ ಐದರಿಂದ ಮೂರಕ್ಕೆ ಬಂತು. ಹಬ್ಬದ ದಿನ ಗುಳಿಗೆ ಹಾಕಿದ ಪಾಯಸ ಬೇಡ, ಒಂದು ಹೋಳಿಗೆಯನ್ನು ಎಲೆಯ ಮುಂದೆ ಕೂತು ತಿನ್ನಿ, ಮರುದಿನ ಅದಕ್ಕಾಗಿ ಬಸ್ಕಿ ಹೊಡೆಯಬೇಡಿ ಎಂದು ಹೇಳಿದ್ದೆ. ಯುಗಾದಿಗೆ ಅವರು ತಿಂದದ್ದು ಮೂರು, ಮರುದಿನ ನಡೆದದ್ದು ಎಂದಿನ ಮೂವತ್ತು ನಿಮಿಷ. ಮೂರನ್ನು ಅಡಗಿಸದೆ ಬರೆದುಕೊಂಡು ಬಂದದ್ದೇ ನನಗೆ ಹೆಚ್ಚು ಸಮಾಧಾನ ತಂದಿತು.

ನಾಲ್ಕನೆಯ ತಿಂಗಳಿನಿಂದ ಆರು ವಾರ ತೂಕ ಕದಲಲಿಲ್ಲ, ಅವರು ಮತ್ತೆ ಆ ವಿಡಿಯೊ ಹುಡುಕಿದ್ದರು. ಆದರೆ ಅದೇ ಆರು ವಾರದಲ್ಲಿ ಸೊಂಟ ಎರಡು ಸೆಂ.ಮೀ. ಇಳಿದಿದ್ದುದನ್ನು ಟೇಪು ಹಿಡಿದು ತೋರಿಸಿದ ಮೇಲೆ ತಾಳಿಕೊಂಡರು. ಏಳು ತಿಂಗಳ ಕೊನೆಗೆ ತೂಕ 73, ಸೊಂಟ 92, ಎಚ್‌ಬಿಎ1ಸಿ 5.8. ಗುರಿಗೆ ಅರ್ಧ ಕಿಲೊ ಬಾಕಿ ಇದೆ. ಸೀನಿದಾಗಿನ ಸೋರಿಕೆ ನಿಂತಿದೆ, ಓಡಿದರೆ ಈಗಲೂ ಆಗುತ್ತದೆ. ಆದ್ದರಿಂದ ಓಡುವುದಿಲ್ಲ, ನಡೆಯುತ್ತಾರೆ, ಬೆಳಿಗ್ಗೆ ಒಂದು ತಂಬಿಗೆ ನೀರು ಕುಡಿದೇ ಮನೆ ಬಿಡುತ್ತಾರೆ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲಿಗೆ ಹತ್ತರಲ್ಲಿ ಎರಡು ಅಂಕ. ಮುಂದಿನ ರಕ್ತಪರೀಕ್ಷೆ ಮೂರು ತಿಂಗಳ ನಂತರ ಎಂದು ನಿಗದಿಯಾಗಿದ್ದು, ಸಂಜೆಯ ಬೆಲ್ಲದ ಚೂರನ್ನು ಮನೆಯಲ್ಲಿ ತೂಗಿ ಹನ್ನೆರಡು ಗ್ರಾಂಗೆ ಇಳಿಸಿರುವುದಾಗಿ ಹೋದ ವಾರ ತಿಳಿಸಿದ್ದಾರೆ.