ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕೆರೆಯ ಉಪಗ್ರಹ ಚಿತ್ರ ನಮಗೂ ಸಿಗುತ್ತದಾ?

ಪ್ರಶ್ನೆ: ನಮ್ಮ ಏರಿಯಾದ ಕೆರೆ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ ಅಂತ ಇಲ್ಲಿಯವರಿಗೆಲ್ಲ ಅನುಮಾನ. ಸಭೆಯಲ್ಲಿ ಕೇಳಿದರೆ ‘ಸುಮ್ನೆ ಹೇಳಬೇಡಿ, ದಾಖಲೆ ತನ್ನಿ’ ಎನ್ನುತ್ತಾರೆ. ಉಪಗ್ರಹದ ಚಿತ್ರ ನಮ್ಮಂಥವರಿಗೆ ಸಿಗುತ್ತದಾ? ದುಡ್ಡು, ಪರ್ಮಿಷನ್ ಬೇಕಾ?
- ಓದುಗರೊಬ್ಬರು, ಹೊರಮಾವು, ಬೆಂಗಳೂರು

ಉತ್ತರ: ಸಿಗುತ್ತದೆ. ದುಡ್ಡೂ ಬೇಡ, ಪರ್ಮಿಷನ್ನೂ ಬೇಡ. ಇಸ್ರೋ ಇರುವ ಊರಿನಲ್ಲೇ ಈ ವಿಷಯ ಜನರಿಗೆ ಗೊತ್ತಿಲ್ಲವಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಚಿತ್ರ ತೆಗೆಯುತ್ತಿವೆ, 2008ರಿಂದ ಅವೆಲ್ಲ ಉಚಿತ. ಯುರೋಪಿನ ಸೆಂಟಿನೆಲ್-2 ಬಂದಿದ್ದು 2015ರಲ್ಲಿ. ನಮ್ಮದೇ ಇಸ್ರೋದ ಭುವನ್, ಭೂನಿಧಿ ಪೋರ್ಟಲ್‌ಗಳೂ ಇವೆ. ಒಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ 5 ಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿರುವ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಕೊಡಬೇಕು ಅಂತ 2023ರ ಭಾರತೀಯ ಬಾಹ್ಯಾಕಾಶ ನೀತಿಯೇ ಹೇಳುತ್ತದೆ.

ಮೊದಲು ಸೆಂಟಿನೆಲ್-2 ನೋಡಿ. ಕೋಪರ್ನಿಕಸ್ ಬ್ರೌಸರ್ ಅಂತ ಹುಡುಕಿದರೆ ಅದರ ವೆಬ್‌ಸೈಟ್ ಸಿಗುತ್ತದೆ, ಡೌನ್‌ಲೋಡ್ ಮಾಡಲು ಒಂದು ಉಚಿತ ಖಾತೆ ತೆರೆಯಬೇಕು, ಅಷ್ಟೇ. ನಿಮ್ಮ ಕೆರೆ ಹುಡುಕಿ, ಮೋಡ ಇಲ್ಲದ ಒಂದು ದಿನ ಆರಿಸಿ. ಆಮೇಲೆ ‘ಫಾಲ್ಸ್ ಕಲರ್’ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಎಲೆಗಳು ಜೋರಾಗಿ ವಾಪಸ್ ಕಳಿಸುತ್ತವೆ, ಈ ಚಿತ್ರದಲ್ಲಿ ಅದಕ್ಕೆ ಕೆಂಪು ಬಣ್ಣ ಕೊಟ್ಟಿರುತ್ತಾರೆ. ಹಾಗಾಗಿ ಗಿಡಮರ ಕೆಂಪು, ನೀರು ಕಪ್ಪು.

ಇಲ್ಲೇ ಎಚ್ಚರ ಬೇಕು. ಕೆರೆಯ ಅರ್ಧ ಕೆಂಪಾಗಿ ಕಂಡರೆ ಒತ್ತುವರಿ ಆಗಿದೆ ಅಂತ ತಕ್ಷಣ ಹೇಳಬೇಡಿ, ಬೆಂಗಳೂರಿನ ಕೆರೆಗಳಲ್ಲಿ ಬಹಳ ಸಲ ಅದು ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ, ಕೆಳಗೆ ನೀರು ಹಾಗೇ ಇರುತ್ತದೆ. ಕೊಳಚೆ ನೀರು ಬಂದು ಸೇರುವ ಕೆರೆಯಲ್ಲಿ ಅದು ಬೇಗ ಹಬ್ಬುತ್ತದೆ. ಅದೂ ದೂರು ಕೊಡಬೇಕಾದ ವಿಷಯವೇ, ಆದರೆ ಬೇರೆ ದೂರು. ಒಂದು ಸಲ ಏರಿ ಮೇಲೆ ನಡೆದು ನೋಡಿದರೆ ಗೊತ್ತಾಗಿಬಿಡುತ್ತದೆ. ಇನ್ನೊಂದು, ಒಂದು ವರ್ಷದ ನವೆಂಬರ್ ಚಿತ್ರವನ್ನು ಮತ್ತೊಂದು ವರ್ಷದ ಏಪ್ರಿಲ್ ಜೊತೆ ಹೋಲಿಸಿದರೆ ಯಾವ ಕೆರೆಯಾದರೂ ಚಿಕ್ಕದಾಗಿಯೇ ಕಾಣುತ್ತದೆ, ಅಲ್ವಾ? ಫೆಬ್ರವರಿಗೆ ಫೆಬ್ರವರಿಯನ್ನೇ ಹೋಲಿಸಿ. ಆ ವರ್ಷ ಮಳೆ ಹೇಗಿತ್ತು ಅಂತಲೂ ನೋಡಿ. ಮಳೆಗಾಲದ್ದೇ ಚಿತ್ರ ಬೇಕಿದ್ದರೆ ಸೆಂಟಿನೆಲ್-1 ಇದೆ, ಅದು ರೇಡಾರ್, ಮೋಡ ಅಡ್ಡ ಬರುವುದಿಲ್ಲ.

ಎಷ್ಟು ಚಿಕ್ಕ ಜಾಗ ಕಾಣುತ್ತದೆ? ಸೆಂಟಿನೆಲ್-2ರ ಒಂದು ಚುಕ್ಕಿ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಒಂದು ಎಕರೆ ಮಣ್ಣು ಸುರಿದು ಮುಚ್ಚಿದ್ದರೆ ನಲವತ್ತು ಚುಕ್ಕಿ ಬದಲಾಗಿರುತ್ತದೆ, ಚೆನ್ನಾಗಿ ಕಾಣುತ್ತದೆ. ಆದರೆ ಒಂದು 30x40 ಸೈಟಿನಷ್ಟು ಒತ್ತಿದ್ದರೆ ಇದರಲ್ಲಿ ಖಚಿತವಾಗಿ ಹೇಳಲು ಆಗುವುದಿಲ್ಲ. ಲ್ಯಾಂಡ್‌ಸ್ಯಾಟ್ ಚುಕ್ಕಿ ಇನ್ನೂ ದೊಡ್ಡದು, ಸುಮಾರು ಒಂಬತ್ತು ಗುಂಟೆ. ಆದರೂ ತೊಂಬತ್ತರ ದಶಕದಲ್ಲಿ ಕೆರೆ ಹೇಗಿತ್ತು ಅಂತ ನೋಡಲು ಅದೇ ಬೇಕು.

ಪ್ರಶ್ನೆ: ಅದನ್ನು ತೋರಿಸಿದರೆ ಒತ್ತುವರಿ ಸಾಬೀತಾಗುತ್ತದಾ?

ಉತ್ತರ: ಅದೊಂದರಿಂದಲೇ ಆಗುವುದಿಲ್ಲ. ಗಡಿ ಗುರುತಿಸುವುದು ಗ್ರಾಮ ನಕ್ಷೆ ಮತ್ತು ಸರ್ವೆಯವರ ಅಳತೆ. ಚಿತ್ರ ಹೇಳುವುದು ಯಾವ ವರ್ಷ, ಕೆರೆಯ ಯಾವ ಭಾಗದಲ್ಲಿ ಏನು ಬದಲಾಯಿತು ಎಂದು. ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ನೋಡಿಕೊಳ್ಳಿ. ಎರಡು ಚಿತ್ರ ಪಕ್ಕಪಕ್ಕ ಪ್ರಿಂಟ್ ಹಾಕಿಸಿ, ಕೆಳಗೆ ಉಪಗ್ರಹದ ಹೆಸರು, ತಾರೀಕು, ಸರ್ವೆ ನಂಬರ್ ಬರೆದು, ‘ಇಲ್ಲಿ ಅಳತೆ ಮಾಡಿಸಿ’ ಅಂತ ಅರ್ಜಿ ಕೊಡಿ. ಸ್ವೀಕೃತಿ ಕೇಳಿ ಪಡೆಯಿರಿ.