ಕೆಂಪು ವೈನಿನ್ಯಾಗ ಬಿಳಿ ದ್ರಾಕ್ಷಿ ಯಾಕ ಹಾಕತಿದ್ರು?

ಪ್ರಶ್ನೆ: ನಮಸ್ಕಾರ್ರಿ ಸರ್, ನಾ ಹಾವೇರಿಯಂವ, ಹುಬ್ಬಳ್ಳ್ಯಾಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಾಕತ್ತೇನಿ. ಸೀನಿಯರ್ ಕೊಟ್ಟ ಹಳೇ ನೋಟ್ಸಿನ್ಯಾಗ ಇಟಲಿಯ ಕಿಯಾಂತಿ ಕೆಂಪು ವೈನಿಗೆ ಬಿಳಿ ದ್ರಾಕ್ಷಿನೂ ಹಾಕಬೇಕು ಅಂತ ಐತಿ, ಈಗ ಕ್ಲಾಸಿನ್ಯಾಗ ಹಾಕಂಗಿಲ್ಲ ಅಂತಾರ. ಯಾವುದು ಖರೇರಿ? ಕೆಂಪಿಗೆ ಬಿಳಿ ಕೂಡಿಸಿದ್ರ ಕಲಬೆರಕಿ ಆಗಂಗಿಲ್ಲೇನು?

ಉತ್ತರ: ಎರಡೂ ಖರೇನ ತಮ್ಮಾ, ಕಾಲ ಬ್ಯಾರೆ ಅಷ್ಟ. ಆದ್ರ ಕಲಬೆರಕಿ ಅನ್ನಬ್ಯಾಡ. ನಿಮ್ಮ ಮನ್ಯಾಗ ವರ್ಷದ ಖಾರ ಕುಟ್ಟಿಸುವಾಗ ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು ಅಂತ ತಾಯಿಯವರು ಲೆಕ್ಕ ಹಾಕಿ ಕೂಡಸ್ತಾರಲ್ಲ, ಇದೂ ಹಂಗ. 1872ರಾಗ ಬೆತ್ತಿನೋ ರಿಕಾಸೊಲಿ ಅನ್ನಾಂವ, ಇಟಲಿ ಪ್ರಧಾನಿನೂ ಆಗಿದ್ದಂವ, ಒಂದು ಪತ್ರದಾಗ ಲೆಕ್ಕ ಬರದಿಟ್ಟ: ಪರಿಮಳಕ್ಕ, ಕಸುವಿಗೆ ಸಾಂಜೊವೇಸೆ ಅನ್ನೋ ಕೆಂಪು ದ್ರಾಕ್ಷಿ, ಅದರ ಒರಟು ಇಳಸಾಕ ಕನಾಯೊಲೊ ಅನ್ನೋ ಇನ್ನೊಂದು ಕೆಂಪು ದ್ರಾಕ್ಷಿ, ಲಗೂನ ಕುಡಿಯೋ ವೈನ್ ಹಗುರ ಆಗಾಕ ಮಾಲ್ವಾಜಿಯಾ ಅನ್ನೋ ಬಿಳಿ ದ್ರಾಕ್ಷಿ. ಭಾಳ ವರ್ಷ ಇಡೋ ವೈನಿಗೆ ಆ ಬಿಳಿ ಬ್ಯಾಡ ಅಂತನೂ ಅಂವನ ಹೇಳಿದ್ದ, ಮುಂದಿನವರು ಆ ಅರ್ಧಾ ಮಾತು ಬಿಟ್ಟಬಿಟ್ರು. 1967ರ ಕಾಯ್ದೆಯೊಳಗ 10ರಿಂದ 30 ಪರ್ಸೆಂಟ್ ಬಿಳಿ ಕಡ್ಡಾಯನ ಆತು, ಅದ್ರಾಗೂ ಇಳುವರಿ ಭಾಳ ಕೊಡೋ ಟ್ರೆಬಿಯಾನೊ ಅನ್ನೋ ಬಿಳಿ ದ್ರಾಕ್ಷಿ ತುಂಬಿ ವೈನ್ ತೆಳ್ಳಗ ಮಾಡಿದ್ರು, ಇಷ್ಟ ಚಂದ ಲೆಕ್ಕ ಹಿಂಗ ಹಾಳಾತಲ್ಲ ಅಂತ ನನಗ ಈಗೂ ಸಂಕಟ ಆಕ್ಕೈತಿ.

ಆಮ್ಯಾಲ ಅಲ್ಲಿನ ವೈನ್ ಮಾಡೋ ಆಂತಿನೋರಿ ಮನೆತನದವರು ತಿನ್ಯಾನೆಲ್ಲೊ ಅಂತ ಒಂದು ವೈನ್ ತಗದ್ರು, ಅದನ್ನ 225 ಲೀಟರಿನ ಸಣ್ಣ ಓಕ್ ಪೀಪಾಯಿಯೊಳಗ ಇಟ್ರು, 1975ರಾಗ ಬಿಳಿ ಪೂರಾ ಬಿಟ್ಟು ಕ್ಯಾಬರ್ನೆ ಅನ್ನೋ ಫ್ರಾನ್ಸಿನ ಕೆಂಪು ದ್ರಾಕ್ಷಿ ಕೂಡಿಸಿದ್ರು, ಕಿಯಾಂತಿ ಅನ್ನೋ ಹೆಸರು ಕೈಬಿಟ್ಟು ಕೆಳಗಿನ ದರ್ಜೆಯ ಬರೇ ಟೇಬಲ್ ವೈನ್ ಅಂತ ಮಾರಿದ್ರೂ ಜನ ಮುಗಿಬಿದ್ದು ತಗೊಂಡ್ರು. ಕಡೀಕ ಕಾಯ್ದೆನ ಬದಲಾತು. 2006ರ ಸುಗ್ಗಿಯಿಂದ ಕಿಯಾಂತಿ ಕ್ಲಾಸಿಕೋಕ್ಕ, ಅಂದ್ರ ಕಿಯಾಂತಿ ಸೀಮೆಯ ಮೂಲ ಹಳೇ ಭಾಗದ ವೈನಿಗೆ, ಬಿಳಿ ಬಂದ್, ಸಾಂಜೊವೇಸೆ ಕಡಿಮಿ ಅಂದ್ರ 80 ಪರ್ಸೆಂಟ್ ಇರಬೇಕು. ಪರೀಕ್ಷೆಕ್ಕ ಒಂದು ನೆನಪಿಟ್ಕೊ, ಕ್ಲಾಸಿಕೋ ಅಲ್ಲದ ಬರೇ ಕಿಯಾಂತಿಗೆ ಸ್ವಲ್ಪ ಬಿಳಿ ಈಗೂ ನಡೀತೈತಿ.

ಅಲ್ಲೆ ಗೊವೆರ್ನೊ ಅನ್ನೋ ಹಳೇ ಪದ್ಧತಿನೂ ಐತಿ, ಒಂದಿಷ್ಟು ದ್ರಾಕ್ಷಿ ತಗದಿಟ್ಟು ಅರ್ಧಂಬರ್ಧ ಒಣಗಿಸಿ, ಹುದುಗಿದ ವೈನಿಗೆ ಹಾಕಿ ಮತ್ತೊಮ್ಮೆ ಹುದುಗು ಎಬ್ಬಸ್ತಾರ. ವಿಜಯಪುರದ ಕಡೆ ಶೆಡ್ಡಿನ್ಯಾಗ ಒಣದ್ರಾಕ್ಷಿ ಮಾಡೋದು ನೋಡಿದ್ರ ನಿನಗ ಗೊತ್ತಾಕ್ಕೈತಿ, ನೀರು ಹೋದಂಗ ಸಿಹಿ ಗಟ್ಟಿ ಆಕ್ಕೈತಿ, ಆ ಸಿಹಿನ ಎರಡನೇ ಹುದುಗಿಗೆ ಆಹಾರ, ವೈನ್ ಮೆತ್ತಗ ಬರ್ತೈತಿ.

ಹೊಸಾ ಸಣ್ಣ ಪೀಪಾಯಿಯ ವೆನಿಲಾ ವಾಸನಿ ದ್ರಾಕ್ಷಿಯನ್ನ ಮುಚ್ಚಿಬಿಡ್ತೈತಿ ಅಂತ ಈಗ ಎಷ್ಟೋ ಮಂದಿ ಹಳೇ ದೊಡ್ಡ ಪೀಪಾಯಿಗೆ, ಕನಾಯೊಲೊಕ್ಕ ವಾಪಸ್ ಹೊಂಟಾರ, ನನಗೂ ಅದ ಬರೋಬ್ಬರಿ ಅನಸ್ತೈತಿ.

ಪ್ರಶ್ನೆ: ಮಾವ ಇಟಲಿಯಿಂದ ಕಿಯಾಂತಿ ಕ್ಲಾಸಿಕೋ ತಂದಾರ, ಮ್ಯಾಲ ರಿಸರ್ವಾ ಅಂತ ಬರದೈತಿ, ಹಂಗಂದ್ರೇನ್ರಿ? (ಗದಗ)

ಉತ್ತರ: ಮಾರಾಟಕ್ಕ ಬಿಡೂಕಿಂತ ಮೊದಲ ಕಡಿಮಿ ಅಂದ್ರ 24 ತಿಂಗಳು ಇಟ್ಟದ್ದು, ಅದ್ರಾಗ 3 ತಿಂಗಳು ಬಾಟಲಿಯೊಳಗ. ಗದಗಿನ ಬ್ಯಾಸಗಿಯೊಳಗ ಅಟ್ಟದ ಮ್ಯಾಲ ಮಾತ್ರ ಇಡಬ್ಯಾಡ್ರಿ, ತಣ್ಣಗಿರೋ ಕತ್ತಲಿ ಜಾಗಾದಾಗ ಅಡ್ಡ ಮಲಗಿಸಿ ಇಡ್ರಿ.